ಸಂಸ್ಥೆಗೊಂದು ಯುಎಕ್ಸ್ ಕಾರ್ಯತಂತ್ರ: ಎಲ್ಲಿಂದ ಶುರು ಮಾಡಬೇಕು, ಹೇಗೆ ಅಳೆಯಬೇಕು

ಯಾವ ಬಳಕೆದಾರರ ಯಾವ ಕೆಲಸವನ್ನು ಸುಲಭ ಮಾಡುತ್ತೇವೆ? ಅದರಿಂದ ಸಂಸ್ಥೆಗೆ ಏನು ಉಳಿಯುತ್ತದೆ? ಸುಲಭವಾಯಿತು ಅಂತ ಹೇಗೆ ಗೊತ್ತಾಗುತ್ತದೆ? ಬಳಕೆದಾರರ ಅನುಭವದ, ಅಂದರೆ ಯುಎಕ್ಸ್‌ನ, ಕಾರ್ಯತಂತ್ರ ಈ ಮೂರು ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ಅದಕ್ಕೆ ಎರಡು ಪುಟ ಸಾಕು. ನಲವತ್ತು ಸ್ಲೈಡ್ ಮಾಡಿದರೆ ಮಂಡಿಸಿದ ದಿನ ಬಿಟ್ಟು ಮತ್ತೆ ಯಾರೂ ತೆರೆಯುವುದಿಲ್ಲ.

ಮೊದಲು ಸಹಾಯವಾಣಿಗೆ ಬಂದ ದೂರುಗಳನ್ನು ಕೈಗೆತ್ತಿಕೊಳ್ಳಿ. ಇತ್ತೀಚಿನ 200 ದೂರುಗಳನ್ನು ಒಂದೊಂದಾಗಿ ಓದಿ, ಬಳಕೆದಾರ ಏನು ಮಾಡಲು ಹೊರಟಿದ್ದ ಎಂಬುದರ ಮೇಲೆ ಗುಂಪು ಮಾಡಿ. ಪರದೆಯ ಹೆಸರಿನ ಮೇಲೆ ಗುಂಪು ಮಾಡಿದರೆ ನಾಲ್ಕು ಪರದೆಗಳಲ್ಲಿ ಹರಡಿಕೊಂಡ ಒಂದೇ ತೊಂದರೆ ನಾಲ್ಕು ಚಿಕ್ಕ ತೊಂದರೆಗಳಾಗಿ ಕಾಣುತ್ತದೆ. ಆಮೇಲೆ ಅನಲಿಟಿಕ್ಸ್ (ಜನ ಆ್ಯಪ್ ಅಥವಾ ಪುಟದಲ್ಲಿ ಏನೇನು ಮಾಡಿದರೆಂದು ದಾಖಲಿಸುವ ಸಾಧನ) ತೆರೆದು, ಅದೇ ಕೆಲಸವನ್ನು ಜನ ಯಾವ ಹಂತದಲ್ಲಿ ಕೈಬಿಡುತ್ತಾರೆ ನೋಡಿ.

ಇವೆರಡೂ ಎಲ್ಲಿ ನೋವಿದೆ ಎಂದು ತೋರಿಸುತ್ತವೆ. ಯಾಕೆ ಎಂದು ತಿಳಿಯಲು ಪಕ್ಕದಲ್ಲಿ ಕೂತು ನೋಡಲೇಬೇಕು. ನೋಂದಣಿ ಫಾರಂ ಒಂದನ್ನು ತೆಗೆದುಕೊಳ್ಳಿ. ಬಳಕೆದಾರ ಮೊಬೈಲ್ ಸಂಖ್ಯೆಯನ್ನು ಬೇರೆ ಕಡೆಯಿಂದ ಕಾಪಿ ಮಾಡಿ ಹಾಕುತ್ತಾನೆ, ನಡುವೆ ಒಂದು ಖಾಲಿ ಜಾಗ ಸೇರಿಕೊಂಡಿರುತ್ತದೆ. ಸಲ್ಲಿಸು ಒತ್ತಿದಾಗ ಪುಟದ ಮೇಲ್ತುದಿಯಲ್ಲಿ ‘ಅಮಾನ್ಯ ನಮೂದು’ ಎಂಬ ಕೆಂಪು ಸಾಲು ಬರುತ್ತದೆ. ಅವನ ಕಣ್ಣು ಇರುವುದು ಕೆಳಗಿನ ಬಟನ್ ಮೇಲೆ. ಏನೂ ಆಗಲಿಲ್ಲ ಅಂದುಕೊಂಡು ಮತ್ತೆರಡು ಸಲ ಒತ್ತಿ ಎದ್ದುಹೋಗುತ್ತಾನೆ. ಅನಲಿಟಿಕ್ಸ್‌ನಲ್ಲಿ ಇದು ‘ನಿರ್ಗಮನ’, ದೂರಿನಲ್ಲಿ ‘ಆ್ಯಪ್ ಕೆಲಸ ಮಾಡುತ್ತಿಲ್ಲ’. ಪರಿಹಾರ ಮಾತ್ರ ಚಿಕ್ಕದು: ಖಾಲಿ ಜಾಗವನ್ನು ತಂತ್ರಾಂಶವೇ ತೆಗೆದುಹಾಕಲಿ, ತಪ್ಪಿನ ಸೂಚನೆ ಆಯಾ ಜಾಗದ ಪಕ್ಕದಲ್ಲೇ ಬರಲಿ.

ಹೀಗೆ ಕೂತು ನೋಡಲು ಎಷ್ಟು ಜನ ಬೇಕು? ಬಳಕೆಯ ಸುಲಭತೆಯ ಸಂಶೋಧಕರಾದ ನೀಲ್ಸನ್ ಮತ್ತು ಲ್ಯಾಂಡವರ್ 1993ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ, ಒಬ್ಬೊಬ್ಬರಿಂದ ಸುಮಾರು ಶೇ 31ರಷ್ಟು ತೊಂದರೆಗಳು ಹೊರಬಿದ್ದರೆ ಐವರಿಂದ ಸುಮಾರು ಶೇ 85ರಷ್ಟು ಸಿಗುತ್ತವೆ. ಈ ಲೆಕ್ಕ ಒಂದೇ ಬಗೆಯ ಬಳಕೆದಾರರಿಗೆ ಸಲ್ಲುವಂಥದ್ದು. ಗ್ರಾಹಕರೂ ಒಳಗಿನ ಸಿಬ್ಬಂದಿಯೂ ಬಳಸುವ ವ್ಯವಸ್ಥೆಯಾದರೆ ಎರಡೂ ಕಡೆಯಿಂದ ಐದೈದು ಜನ ಬೇಕು. ಐದು ಜನ ಸಾಕಾಗುವುದು ತೊಂದರೆ ಹುಡುಕಲಿಕ್ಕೆ, ಅಳೆಯಲಿಕ್ಕಲ್ಲ. ಐವರಲ್ಲಿ ನಾಲ್ವರು ಮುಗಿಸಿದರೆಂದು ವರದಿಯಲ್ಲಿ ‘ಶೇ 80 ಯಶಸ್ಸು’ ಎಂದು ಬರೆಯಬೇಡಿ. ಅಳತೆಗೆ ಕನಿಷ್ಠ 20 ಜನರನ್ನಾದರೂ ಸೇರಿಸಿ.

ಏನನ್ನೂ ಬದಲಿಸುವ ಮುಂಚೆ ಈಗಿನ ಸ್ಥಿತಿಯನ್ನು ಅಳೆದಿಡಿ. ಇದನ್ನು ಬಿಟ್ಟವರಿಗೆ ವರ್ಷದ ಕೊನೆಯಲ್ಲಿ ತೋರಿಸಲು ಏನೂ ಇರುವುದಿಲ್ಲ, ಮುಂದಿನ ಬಜೆಟ್ ಕೇಳುವುದೂ ಕಷ್ಟ. ಪ್ರತಿ ಮುಖ್ಯ ಕೆಲಸಕ್ಕೆ ಎಷ್ಟು ಜನ ಮುಗಿಸಿದರು, ಎಷ್ಟು ಹೊತ್ತು ಹಿಡಿಯಿತು, ಎಷ್ಟು ಸಲ ತಪ್ಪಿದರು ಎಂದು ಬರೆದುಕೊಳ್ಳಿ. ಒಟ್ಟಾರೆ ಅನಿಸಿಕೆಗೆ ಸಿಸ್ಟಮ್ ಯುಸಬಿಲಿಟಿ ಸ್ಕೇಲ್, ಅಂದರೆ ಎಸ್‌ಯುಎಸ್ ಬಳಸಿ. 1986ರಲ್ಲಿ ಜಾನ್ ಬ್ರೂಕ್ ರೂಪಿಸಿದ ಈ ಪ್ರಶ್ನಾವಳಿಯಲ್ಲಿ 10 ವಾಕ್ಯಗಳಿವೆ, ಪ್ರತಿಯೊಂದಕ್ಕೂ 1ರಿಂದ 5ರವರೆಗೆ ಅಂಕ. ಬೆಸ ಸಂಖ್ಯೆಯ ವಾಕ್ಯಗಳ ಅಂಕದಲ್ಲಿ 1 ಕಳೆಯಿರಿ. ಸಮ ಸಂಖ್ಯೆಯವನ್ನು 5ರಿಂದ ಕಳೆಯಿರಿ. ಎಲ್ಲ ಕೂಡಿಸಿ 2.5ರಿಂದ ಗುಣಿಸಿ. ಬರುವ ಅಂಕ 0ರಿಂದ 100ರೊಳಗೆ ಇರುತ್ತದೆ, ಆದರೆ ಶೇಕಡಾವಾರು ಅಲ್ಲ. ಸರಾಸರಿ 68ರ ಹತ್ತಿರ ಇರುವುದರಿಂದ 60 ಬಂದರೆ ‘ಪ್ರಥಮ ದರ್ಜೆ’ ಎಂದು ಸಮಾಧಾನಪಟ್ಟುಕೊಳ್ಳುವಂತಿಲ್ಲ.

ಗುರಿಗಳು ಮೂರಕ್ಕಿಂತ ಹೆಚ್ಚು ಬೇಡ. ಪ್ರತಿ ಗುರಿಯನ್ನು ಆಡಳಿತದವರಿಗೆ ಅರ್ಥವಾಗುವ ಲೆಕ್ಕಕ್ಕೆ ಕಟ್ಟಿ. ಒಂದು ತೊಂದರೆಯಿಂದ ತಿಂಗಳಿಗೆ 400 ಕರೆ ಬರುತ್ತಿವೆ, ಪ್ರತಿ ಕರೆಗೆ 6 ನಿಮಿಷ ಹಿಡಿಯುತ್ತದೆ ಅಂದುಕೊಳ್ಳಿ. ಅಲ್ಲಿಗೆ ತಿಂಗಳಿಗೆ 40 ಗಂಟೆಯ ಕೆಲಸ. ‘ಅನುಭವ ಉತ್ತಮಗೊಳಿಸುತ್ತೇವೆ’ ಎಂಬ ಮಾತಿಗೆ ತಲೆಯಾಡಿಸುವವರು ಈ 40 ಗಂಟೆಯ ಲೆಕ್ಕಕ್ಕೆ ಜನರನ್ನು ಕೊಡುತ್ತಾರೆ. ಇದರ ಜೊತೆಗೇ ಈ ವರ್ಷ ಮುಟ್ಟದಿರುವ ಕೆಲಸಗಳ ಪಟ್ಟಿಯನ್ನೂ ಬರೆದು ಒಪ್ಪಿಗೆ ಪಡೆಯಿರಿ. ಆ ಪಟ್ಟಿ ಇಲ್ಲದಿದ್ದರೆ ಯಾರಾದರೂ ಹಿರಿಯರು ನಡುವೆ ಸೇರಿಸಿದ ಕೆಲಸ ಮೂರು ಗುರಿಗಳನ್ನೂ ಪಕ್ಕಕ್ಕೆ ತಳ್ಳುತ್ತದೆ.

ಪ್ರತಿ ಅಳತೆಗೂ ಅದನ್ನು ಕಾಯುವ ಇನ್ನೊಂದು ಅಳತೆ ಜೋಡಿಸಿ. ಸಹಾಯವಾಣಿಯ ಸಂಖ್ಯೆಯನ್ನು ಪುಟದಿಂದ ತೆಗೆದುಹಾಕಿದರೂ ಕರೆಗಳು ಇಳಿಯುತ್ತವೆ. ಹಾಗಾಗಿ ಕರೆಗಳ ಜೊತೆ ಕೆಲಸ ಮುಗಿಸಿದವರ ಪ್ರಮಾಣವನ್ನೂ ನೋಡಬೇಕು. ಜನ ಪುಟದಲ್ಲಿ ಹೆಚ್ಚು ಹೊತ್ತು ಇದ್ದಾರೆ ಅಂದರೆ ಇಷ್ಟಪಟ್ಟು ಇದ್ದಾರೋ ದಾರಿ ತಿಳಿಯದೆ ಇದ್ದಾರೋ ಅಂಕಿಯೊಂದೇ ಹೇಳುವುದಿಲ್ಲ.

ಕಾರ್ಯತಂತ್ರ ಡಿಸೈನ್ ತಂಡದ ಸ್ವತ್ತಾಗಿಯೇ ಉಳಿದರೆ ಅಲ್ಲಿಗೇ ಮುಗಿಯಿತು. ಪ್ರತಿ ಗುರಿಗೆ ಪ್ರಾಡಕ್ಟ್ ಕಡೆಯಿಂದ ಒಬ್ಬರು, ಎಂಜಿನಿಯರಿಂಗ್ ಕಡೆಯಿಂದ ಒಬ್ಬರು ಹೆಸರು ಹಾಕಿ ಹೊಣೆ ಹೊರಲಿ. ಕೆಲಸ ‘ಮುಗಿಯಿತು’ ಎನ್ನುವ ಷರತ್ತುಗಳಲ್ಲಿ ಬಳಕೆಯ ಪರೀಕ್ಷೆಯೂ ಸೇರಲಿ.

ಅಂಗವಿಕಲರಿಗೂ ಬಳಸಲು ಆಗುವಂತೆ ಮಾಡುವ ಕೆಲಸವನ್ನು ಕೊನೆಗೆ ಬಿಡಬೇಡಿ. 2023ರಲ್ಲಿ ಬಂದ ಡಬ್ಲ್ಯುಸಿಎಜಿ 2.2 ಎಂಬ, ವೆಬ್ ಪುಟಗಳನ್ನು ಎಲ್ಲರೂ ಬಳಸಲು ಆಗುವಂತೆ ಮಾಡುವ ಅಂತರರಾಷ್ಟ್ರೀಯ ಮಾರ್ಗಸೂಚಿಯ ಎಎ ಮಟ್ಟದಂತೆ (ಮೂರು ಮಟ್ಟಗಳಲ್ಲಿ ನಡುವಿನದು) ಸಾಮಾನ್ಯ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಕಾಂಟ್ರಾಸ್ಟ್ (ಹೊಳಪಿನ ವ್ಯತ್ಯಾಸ) ಇರಬೇಕು; ಒತ್ತುವ ಜಾಗ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ವೆಬ್ ಪುಟದ ಅಳತೆಯಲ್ಲಿ 24×24 ಸಿಎಸ್ಎಸ್ ಪಿಕ್ಸೆಲ್‌ಗಿಂತ ಚಿಕ್ಕದಾಗಬಾರದು. ಎಲ್ಲ ತಂಡಗಳೂ ಬಳಸುವ ಬಟನ್, ಫಾರಂ ಘಟಕಗಳಲ್ಲಿ ಇದನ್ನು ಒಮ್ಮೆ ಸರಿಮಾಡಿಟ್ಟರೆ ಪರದೆ ಪರದೆಗೂ ಹೋಗಿ ತಿದ್ದುವ ಶ್ರಮ ತಪ್ಪುತ್ತದೆ.

ಮೂರು ತಿಂಗಳಿಗೊಮ್ಮೆ ಅದೇ ಕೆಲಸಗಳನ್ನು ಅದೇ ಮಾತುಗಳಲ್ಲಿ ಕೊಟ್ಟು ಮತ್ತೆ ಅಳೆಯಿರಿ. ಸೂಚನೆಯ ಒಂದು ಪದ ಬದಲಾದರೂ ಹಳೆಯ ಅಂಕಿಯೊಂದಿಗೆ ಹೋಲಿಸಲು ಬರುವುದಿಲ್ಲ. ಎರಡು ಸುತ್ತು ಕಳೆದರೂ ಅಂಕಿ ಕದಲದಿದ್ದರೆ ಪರಿಹಾರವನ್ನು ಬದಲಿಸಿ. ಅದಕ್ಕೂ ಕದಲದಿದ್ದರೆ ಆ ಗುರಿಯನ್ನು ಕೈಬಿಟ್ಟು, ಮುಟ್ಟದ ಪಟ್ಟಿಯಲ್ಲಿ ಮೊದಲಿರುವುದನ್ನು ಒಳಗೆ ತನ್ನಿ.