ಎಕ್ಸ್‌ರೇ ಡಿಟೆಕ್ಟರ್‌ನ ರೆಸಲ್ಯೂಷನ್ ಅಳೆಯುವುದು ಹೇಗೆ?

ಪ್ರತಿ ಮೂಲಧಾತುವೂ ತನ್ನದೇ ನಿಗದಿತ ಶಕ್ತಿಗಳ ಎಕ್ಸ್‌ರೇ ಸೂಸುತ್ತದೆ; ಅಂಥ ಒಂದೊಂದು ಶಕ್ತಿಯೂ ಒಂದು ಗೆರೆ, ಕೆ-ಆಲ್ಫಾ, ಎಲ್-ಆಲ್ಫಾ ಅವುಗಳ ಹೆಸರು. ಗಂಧಕದ ಕೆ-ಆಲ್ಫಾ ಗೆರೆ 2,307 ಎಲೆಕ್ಟ್ರಾನ್ ವೋಲ್ಟ್‌ನಲ್ಲಿದೆ (ಇದು ಶಕ್ತಿಯ ಅಳತೆ). ಮಾಲಿಬ್ಡಿನಂನ ಎಲ್-ಆಲ್ಫಾ 2,293ರಲ್ಲಿ. ಎಲೆಕ್ಟ್ರಾನ್ ಮೈಕ್ರೋಸ್ಕೋಪಿಗೆ ಜೋಡಿಸಿದ ಸಿಲಿಕಾನ್ ಡಿಟೆಕ್ಟರ್‌ಗೆ ಇವೆರಡೂ ಒಂದೇ ಗುಡ್ಡದಂತೆ ಕಾಣುತ್ತವೆ. ಅದು ಗೆರೆಯನ್ನು ಎಷ್ಟು ಅಗಲ ಮಾಡಿ ತೋರಿಸುತ್ತದೆ ಅನ್ನುವುದೇ ರೆಸಲ್ಯೂಷನ್. ಅಂಕಿ ಚಿಕ್ಕದಾದಷ್ಟೂ ಒಳ್ಳೆಯದು.

ಅಳತೆಗೆ ಶುದ್ಧ ಮ್ಯಾಂಗನೀಸ್ ತುಂಡು ಬೇಕು. ಕಬ್ಬಿಣ-55 ವಿಕಿರಣ ಮೂಲವೂ ಆಗುತ್ತದೆ. ಅದು ಮ್ಯಾಂಗನೀಸ್ ಆಗಿ ಬದಲಾಗುವಾಗ ಬರುವುದೂ ಮ್ಯಾಂಗನೀಸ್‌ನ ಅದೇ ಕೆ-ಆಲ್ಫಾ ಗೆರೆ, 5,895 ಎಲೆಕ್ಟ್ರಾನ್ ವೋಲ್ಟ್‌ನದು. ಇಂಥ ಡಿಟೆಕ್ಟರ್‌ಗಳ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 15632 ಕೂಡ ಈ ಗೆರೆಯನ್ನೇ ಹಿಡಿದಿದೆ.

ಮೊದಲು ಎಲೆಕ್ಟ್ರಾನ್ ಕಿರಣದ ಕರೆಂಟ್ ತಗ್ಗಿಸಿ, ಸೆಕೆಂಡಿಗೆ ಸಾವಿರ ಕೌಂಟ್‌ಗಿಂತ (ಎಣಿಕೆಯಾದ ಎಕ್ಸ್‌ರೇ ಕಣಗಳಿಗಿಂತ) ಕೆಳಗೆ ತನ್ನಿ. ಪಲ್ಸ್ ಪ್ರೊಸೆಸರ್‌ನ ಸಮಯ, ಅಂದರೆ ಪ್ರತಿ ಕಣದ ಸಂಕೇತವನ್ನು ಅಳೆಯಲು ಅದು ತೆಗೆದುಕೊಳ್ಳುವ ಹೊತ್ತು, ಉದ್ದಕ್ಕಿಡಿ. ಅವಸರ ಬೇಡ. ಪೀಕ್‌ನ (ಗೆರೆ ಮೂಡಿಸುವ ಗುಡ್ಡದ) ತುದಿಯಲ್ಲಿ ಹತ್ತು ಸಾವಿರ ಕೌಂಟ್ ಸೇರುವವರೆಗೆ ಕಾಯಿರಿ. ಕಡಿಮೆ ಕೌಂಟ್ ಇದ್ದರೆ ಅಂಚು ಅಲುಗಾಡುತ್ತದೆ, ಅಳತೆಯೂ ಅಲುಗಾಡುತ್ತದೆ.

ಇನ್ನು ಲೆಕ್ಕ. ತುದಿಯಲ್ಲಿ 10,000, ಹಿನ್ನೆಲೆಯಲ್ಲಿ, ಅಂದರೆ ಗೆರೆಗೆ ಸೇರದೆ ಅದರ ಅಡಿಯಲ್ಲಿ ಇರುವ, 200 ಕೌಂಟ್ ಇದೆ ಅಂದುಕೊಳ್ಳಿ. ಹಿನ್ನೆಲೆ ಕಳೆದರೆ 9,800, ಅದರ ಅರ್ಧ 4,900. ಹಿನ್ನೆಲೆಯನ್ನು ಮತ್ತೆ ಸೇರಿಸಿದರೆ 5,100. ಎಡ ಇಳಿಜಾರಿನಲ್ಲಿ 5,830ರ ಚಾನೆಲ್‌ನಲ್ಲಿ (ಶಕ್ತಿಯ ಒಂದು ಮನೆಯಲ್ಲಿ) 4,888, 5,840ರಲ್ಲಿ 5,964 ಇದ್ದರೆ, 5,100 ಸಿಗುವುದು ಸುಮಾರು 5,832ರಲ್ಲಿ. ಬಲಗಡೆ ಹೀಗೇ ಹುಡುಕಿದಾಗ 5,960 ಬಂತು ಅನ್ನಿ. ವ್ಯತ್ಯಾಸ 128 ಎಲೆಕ್ಟ್ರಾನ್ ವೋಲ್ಟ್. ಅರ್ಧ ಎತ್ತರದ ಈ ಅಗಲವೇ ನಿಮ್ಮ ಉತ್ತರ. ಹಿನ್ನೆಲೆ ಕಳೆಯದೆ ಸುಮ್ನೆ ಅಳೆದರೆ ಅಗಲ ಜಾಸ್ತಿ ಬರುತ್ತದೆ.

ಇದು ಸೊನ್ನೆಗೆ ಇಳಿಯುವುದಿಲ್ಲ ಯಾಕೆ? ಮ್ಯಾಂಗನೀಸ್ ಗೆರೆಯ ಒಂದು ಎಕ್ಸ್‌ರೇ ಕಣ ಸಿಲಿಕಾನ್‌ನಲ್ಲಿ ಸುಮಾರು 1,600 ಎಲೆಕ್ಟ್ರಾನ್-ಹೋಲ್ ಜೋಡಿ (ಬಿಡುಗಡೆಯಾದ ಎಲೆಕ್ಟ್ರಾನ್ ಮತ್ತು ಅದು ಬಿಟ್ಟ ಖಾಲಿ ಜಾಗ) ಹುಟ್ಟಿಸುತ್ತದೆ. ಆ ಎಣಿಕೆ ಪ್ರತಿ ಸಲ ಸ್ವಲ್ಪ ಹೆಚ್ಚುಕಮ್ಮಿ ಆಗುತ್ತದೆ. ಅದೊಂದರಿಂದಲೇ 117ರ ಆಸುಪಾಸು ಅಗಲ ಬರುತ್ತದೆ. ಉಳಿದದ್ದರಲ್ಲಿ ಮುಖ್ಯ ಪಾಲು ಎಲೆಕ್ಟ್ರಾನಿಕ್ಸ್‌ನ ಗದ್ದಲದ್ದು.

ಇಂಗಾಲದ 277ರ ಗೆರೆಯಲ್ಲಿ ಆ ಏರುಪೇರಿನ ಪಾಲು ಬರೀ 25. ಅಲ್ಲಿ ಗದ್ದಲದ್ದೇ ಮೇಲುಗೈ. ಹಗುರ ಮೂಲಧಾತುಗಳನ್ನು ನೋಡುವವರು ಇಂಗಾಲದಲ್ಲೂ ಅಳೆಯಲೇಬೇಕು.

ಕೊನೆಗೆ, ದಿನಾ ಕೆಲಸ ಮಾಡುವ ವೇಗದಲ್ಲಿ ಇನ್ನೊಮ್ಮೆ ಅಳೆಯಿರಿ. ನನ್ನ ಪ್ರಕಾರ ನಿಜವಾಗಿ ಬೇಕಾದ ಅಂಕಿ ಇದೇ. ನೀವು ನೋಡುವ ಸ್ಪೆಕ್ಟ್ರಮ್ ಆ ವೇಗದ್ದೇ ಅಲ್ವಾ? ಎರಡೂ ಅಂಕಿಗಳ ಪಕ್ಕ ಕೌಂಟ್ ದರ ಮತ್ತು ಪ್ರೊಸೆಸರ್ ಸಮಯ ಬರೆದಿಡಿ.