ಟ್ಯೂಡರ್ ಕಾಲದ ಕಥೆ ಬರೀಬೇಕು ಅನ್ನೋರಿಗೆ: ಬರೇ 18 ದಿನ ಹಿಡ್ಕೊಳ್ಳಿ

ಟ್ಯೂಡರ್ ಮನೆತನದ ಇಂಗ್ಲೆಂಡ್ ರಾಜ ಎಂಟನೇ ಹೆನ್ರಿ, ಅವನ ಆರು ಜನ ಹೆಂಡ್ತೀರು ಅಂತ ಇಡೀ ಸಂಸಾರಾನ ಒಂದೇ ಕಾದಂಬರಿಗೆ ತುಂಬೋಕೆ ಹೋಗ್ಬೇಡಿ, ಕಥೆ ಹೋಗಿ ಇಸವಿಗಳ ಪಟ್ಟಿ ಆಗ್ಬಿಡುತ್ತೆ. ನನ್ನ ಕೇಳಿದ್ರೆ ಅವನ ಎರಡನೇ ಹೆಂಡ್ತಿ ಆನ್ ಬೊಲಿನ್‌ಳ ಕೊನೇ ದಿನಗಳಿಂದ ಶುರು ಮಾಡಿ. 1536ರ ಮೇ 2ಕ್ಕೆ ಗ್ರೀನಿಚ್ ಅರಮನೇಲಿ ಅರೆಸ್ಟ್ ಮಾಡಿ ದೋಣೀಲಿ ಲಂಡನ್ ಟವರ್ ಅನ್ನೋ ಕೋಟೆ-ಸೆರೆಮನೆಗೆ ಕರ್ಕೊಂಡು ಹೋದ್ರು, ಮೇ 19ಕ್ಕೆ ತಲೆ ತೆಗೆದ್ರು. ಒಟ್ಟು 18 ದಿನ.

ಒಂದು ನೋಟ್‌ಬುಕ್ ತಗೊಂಡು ದಿನಕ್ಕೊಂದು ಪುಟ ಇಡಿ. ಮೇ 15 ಅವಳ ಮತ್ತೆ ಅಣ್ಣನೋ ತಮ್ಮನೋ ಆದ ಜಾರ್ಜ್‌ನ ವಿಚಾರಣೆ, ಮೇ 17 ಅವಳ ಜೊತೆ ಸಂಬಂಧ ಇತ್ತು ಅನ್ನೋ ಆರೋಪಕ್ಕೆ ಜಾರ್ಜ್ ಸೇರಿ ಐದು ಜನ ಗಂಡಸರಿಗೆ ಮರಣದಂಡನೆ. (ಯಾರು ದೊಡ್ಡೋರು ಅಂತ ಗಟ್ಟಿ ದಾಖಲೆ ಇಲ್ಲ, ಆನ್ ಹುಟ್ಟಿದ್ದು 1501 ಅಂತ ಕೆಲವರು, 1507 ಅಂತ ಕೆಲವರು, ನೀವು ಒಂದನ್ನ ಆರಿಸ್ಕೊಂಡು ಕೊನೇವರೆಗೂ ಅದಕ್ಕೇ ನಿಲ್ಲಿ.) ದಾಖಲೆ ಇರೋ ದಿನ ಮುಟ್ಟಬೇಡಿ, ಖಾಲಿ ಇರೋ ಪುಟದಲ್ಲಿ ನಿಮ್ಮ ಕಥೆ.

ಇಲ್ಲಿ ಓದ್ಲೇಬೇಕಾದ್ದು ಟವರ್‌ನ ಉಸ್ತುವಾರಿ ವಿಲಿಯಂ ಕಿಂಗ್‌ಸ್ಟನ್ ಆಗ ಹೆನ್ರಿಯ ಮುಖ್ಯ ಮಂತ್ರಿ ಥಾಮಸ್ ಕ್ರಾಮ್‌ವೆಲ್‌ಗೆ ಬರೆದ ಪತ್ರಗಳು. ತಲೆ ಕಡಿಯೋನು ಒಳ್ಳೇ ಪಳಗಿದೋನಂತೆ, ನನ್ನ ಕತ್ತೂ ಸಣ್ಣದು ಅಂತ ಹೇಳಿ ಆನ್ ಕೈಯಲ್ಲಿ ಕತ್ತು ಸುತ್ತಿ ಹಿಡ್ಕೊಂಡು ಜೋರಾಗಿ ನಕ್ಕಳು ಅಂತ ಅವನು ಬರೀತಾನೆ, ಅದನ್ನ ಓದಿದ ಮೇಲೆ ನಿಮಗೆ ಡೈಲಾಗ್ ಕಟ್ಟೋಕೆ ಕೈ ಬರಲ್ಲ, ಅಷ್ಟು ಜೀವ ಇದೆ. ಆ ಪತ್ರಗಳು 1731ರ ಬೆಂಕೀಲಿ ಅಂಚು ಸುಟ್ಟು ಅಲ್ಲಲ್ಲಿ ಮಾತು ಅರ್ಧಕ್ಕೇ ನಿಂತಿವೆ. ಕಾದಂಬರಿಕಾರ ಕೂರಬೇಕಾದ ಜಾಗ ಅದೇ.

ಆದ್ರೆ ಯಾರ ಪತ್ರ ಓದಿದ್ರೂ ಅವನು ಯಾರ ಕಡೆಯೋನು ಅಂತ ಮೊದಲು ಕೇಳಿ. ಸ್ಪೇನಿನ ರಾಜನೂ ಪವಿತ್ರ ರೋಮನ್ ಚಕ್ರವರ್ತಿಯೂ ಆಗಿದ್ದ ಐದನೇ ಚಾರ್ಲ್ಸ್‌ನ ರಾಯಭಾರಿ ಶಾಪುಯಿ ಮೊದಲ ರಾಣಿ ಕ್ಯಾಥರೀನ್ ಪರ, ಆನ್‌ಳನ್ನ ಉಪಪತ್ನಿ ಅಂತಾನೇ ಬರೀತಿದ್ದ. ಇನ್ನೊಂದು, ಆಗ ಇಂಗ್ಲೆಂಡಿನ ಲೆಕ್ಕದಲ್ಲಿ ಹೊಸ ವರ್ಷ ಮಾರ್ಚ್ 25ಕ್ಕೆ, ಹಾಗಾಗಿ ಕ್ಯಾಥರೀನ್ ತೀರಿಕೊಂಡ 1536ರ ಜನವರಿ ಇಂಗ್ಲಿಷರ ಕಾಗದದಲ್ಲಿ 1535 ಆಗಿರುತ್ತೆ. ಇದೊಂದು ತಪ್ಪಿದ್ರೆ ಇಡೀ ಕಥೆ ಹಿಂದೆಮುಂದೆ.

ಕಥೆ ಯಾರು ಹೇಳ್ಬೇಕು? ಆನ್ ತಲೆಯೊಳಗೆ ಸೀದಾ ಹೋಗೋ ಬದಲು, ಟವರಲ್ಲಿ ಅವಳ ಸೇವೆಗೆ ಅಂತ ಇಟ್ಟು ಅವಳ ಮಾತನ್ನ ಕಿಂಗ್‌ಸ್ಟನ್‌ಗೆ ಮುಟ್ಟಿಸ್ತಿದ್ದ ಹೆಂಗಸರು ಇದ್ದಾರಲ್ಲ, ಅವರ ಜೊತೆ ನೀವೇ ಹುಟ್ಟಿಸಿದ ಒಬ್ಬ ಹುಡುಗೀನ ನಿಲ್ಲಿಸಿ. ತನಗೆ ಆಗದೇ ಇರೋರನ್ನೇ ಸುತ್ತ ಇಟ್ಟಿದ್ದಾರೆ ಅಂತ ಆನ್ ಸಂಕಟಪಟ್ಟಿದ್ದು ದಾಖಲೇಲೇ ಇದೆ, ಹಾಸಿಗೆ ಸರಿಮಾಡ್ತಾ ಕಿವಿ ಕೊಟ್ಟಿರೋ ಹುಡುಗಿಗೆ ಅದು ಹೇಗೆ ಕೇಳಿಸ್ತು ಅನ್ನೋದು ನಿಮ್ಮದು.

ಹೆಸರಿನ ಗೋಜು ಬೇರೆ. ಕ್ರಾಮ್‌ವೆಲ್, ಮೋರ್, ಕ್ರಾನ್ಮರ್, ವಯಟ್, ಆನ್ ಅಪ್ಪ, ಎಲ್ರೂ ಥಾಮಸ್, ಮನೆತನದ ಹೆಸರಲ್ಲೇ ಕರೀರಿ. ಊಟದ ಸೀನಲ್ಲಿ ಆಲೂಗಡ್ಡೆ, ಟೀ ಬರಬಾರದು.

ಕನ್ನಡದಲ್ಲಿ ಬರೆಯೋರಿಗೆ ಒಂದು ದೊಡ್ಡ ಅನುಕೂಲ ಇದೆ. ವಿಚಾರಣೆಗೆ ಅಧ್ಯಕ್ಷನಾಗಿ ಕೂತು ಆನ್‌ಗೆ ಶಿಕ್ಷೆ ಓದಿದ ನಾರ್ಫೋಕ್ ಡ್ಯೂಕ್, ಅವನೂ ಥಾಮಸ್ಸೇ, ಅವಳ ತಾಯಿಯ ಒಡಹುಟ್ಟಿದೋನು, ಅಂದ್ರೆ ಸೋದರಮಾವ. ಮದುವೇಲಿ ಮಂಟಪಕ್ಕೆ ಕರ್ಕೊಂಡು ಬರೋ ಸೋದರಮಾವ ಅನ್ನೋ ಮಾತು ನಮ್ಮೋರ ಎದೇಲಿ ಏನು ಮಾಡುತ್ತೆ ಅಂತ ನಿಮಗೆ ಗೊತ್ತು, ಇಂಗ್ಲಿಷಲ್ಲಿ ಅದು ಬರೀ ಅಂಕಲ್. ಹಾಗೇ ಬಹುವಚನ. ಮೇ 1ರವರೆಗೂ ತಾವು, ತಮ್ಮ ಅಪ್ಪಣೆ ಅಂತಿದ್ದೋರು ಯಾವ ದಿನ ನೀನು ಅಂತಾರೆ, ಮೊದಲು ಯಾರ ಬಾಯಲ್ಲಿ ಅದು ಬರುತ್ತೆ, ನೋಟ್‌ಬುಕ್ಕಲ್ಲಿ ಆ ದಿನದ ಪುಟದ ಮೇಲೆ ಗುರುತು ಹಾಕಿಟ್ಕೊಂಡೇ ಮೊದಲ ಅಧ್ಯಾಯ ಶುರು ಮಾಡಿ.