ಹಳೆಯ ಲ್ಯಾಟಿಟ್ಯೂಡ್ ಲ್ಯಾಪ್‌ಟಾಪ್‌ಗೆ ಮಿಂಟ್ ಲಿನಕ್ಸ್ ಹಾಕಿದೆ, ನುಡಿ ಕಡತಗಳೂ ತೆರೆದುಕೊಂಡವು

ನಮ್ಮ ಊರಿನಲ್ಲಿ ಡಿಟಿಪಿ ಮಾಡುವವರೆಲ್ಲ ಹೇಳಿದ್ದು ಒಂದೇ ಮಾತು: "ಲಿನಕ್ಸ್ ಹಾಕಿದರೆ ನುಡಿ ಓಡುವುದಿಲ್ಲ, ಪ್ರಿಂಟರ್ ಓಡುವುದಿಲ್ಲ, ಸುಮ್ಮನೆ ದುಡ್ಡು ದಂಡ." ಲಿನಕ್ಸ್ ಎಂದರೆ ವಿಂಡೋಸ್ ಬದಲು ಹಾಕುವ ಉಚಿತ ವ್ಯವಸ್ಥೆ, ಮಿಂಟ್ ಅದರ ಒಂದು ರೂಪ; ನುಡಿ ಕನ್ನಡ ಟೈಪಿಂಗ್ ತಂತ್ರಾಂಶ. ಈ ಸಲದ ಮದುವೆ ಹಂಗಾಮಿನ ಲಗ್ನಪತ್ರಿಕೆಗಳೆಲ್ಲ ನಾನು ಮಿಂಟ್ ಹಾಕಿದ ಹಳೆಯ ಲ್ಯಾಪ್‌ಟಾಪ್‌ನಲ್ಲೇ ತಯಾರಾದವು. ಹೇಗೆಂದು ಈಗ ಅವರೇ ಕೇಳುತ್ತಿದ್ದಾರೆ.

ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಇಂಟೆಲ್ ಏಳನೇ ತಲೆಮಾರಿನ ಯಂತ್ರಗಳಲ್ಲಿ ಬೆರಳೆಣಿಕೆಯಷ್ಟನ್ನು ಬಿಟ್ಟರೆ ಉಳಿದವಕ್ಕೆ ವಿಂಡೋಸ್ 11 ಅಧಿಕೃತವಾಗಿ ಸಿಗುವುದಿಲ್ಲ. ಲಿನಕ್ಸ್ ಹಾಕಲು ನನಗೆ ಬೇಕಾಗಿದ್ದದ್ದು ಅಂಥ ಹಳೆಯ ಯಂತ್ರವೇ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಡೆಲ್ ಲ್ಯಾಟಿಟ್ಯೂಡ್ 7480 ಸಿಕ್ಕಿತು: ಐ5, 8 ಜಿಬಿ ರ‍್ಯಾಮ್. ಹದಿನಾರು ಸಾವಿರ ಹೇಳಿದರು. ಅಂಗಡಿಯ ಮೇಜಿನ ಮೇಲೆಯೇ ಎಫ್2 ಒತ್ತಿ ಬಯೋಸ್‌ಗೆ (ಯಂತ್ರದ ಮೂಲ ಸೆಟ್ಟಿಂಗ್ಸ್) ಪಾಸ್‌ವರ್ಡ್ ಇಲ್ಲವೆಂದು ನೋಡಿಕೊಂಡೆ. ಅದು ಇದ್ದರೆ ಎಷ್ಟು ಅಗ್ಗವಾದರೂ ಮುಟ್ಟಬೇಡಿ. ಆಮೇಲೆ ಪೆನ್‌ಡ್ರೈವ್‌ನಿಂದ ಲೈವ್ ಮಿಂಟ್ (ಇನ್‌ಸ್ಟಾಲ್ ಮಾಡದೆಯೇ ಓಡುವ ಮಿಂಟ್) ತೆರೆದು, ಡಿಸ್ಕ್‌ನ ಆರೋಗ್ಯ ತೋರಿಸುವ ಸ್ಮಾರ್ಟ್‌ಸಿಟಿಎಲ್ ಓಡಿಸಿದೆ. ಎಸ್ಎಸ್‌ಡಿ ತೊಂಬತ್ತು ಶೇಕಡಾದಷ್ಟು ಸವೆದಿತ್ತು, ಡೇಟಾ ದೋಷಗಳೂ ದಾಖಲಾಗಿದ್ದವು. ಪರದೆಯನ್ನು ಅವರ ಕಡೆ ತಿರುಗಿಸಿದೆ. ಬೆಲೆ ಹದಿಮೂರೂವರೆ ಸಾವಿರಕ್ಕೆ ಇಳಿಯಿತು. ಇಳಿಸಲು ಇನ್ನೂ ಒಂದು ಮಾತು ಆಡಿದ್ದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಮತ್ತೆ ಅಲ್ಲಿಗೇ ಹೋಗುವುದಿದೆ.

ಹೊಸ 500 ಜಿಬಿ ಎನ್‌ವಿಎಂಇ ಎಸ್ಎಸ್‌ಡಿಗೆ ಸುಮಾರು ಮೂರು ಸಾವಿರ ಕೊಟ್ಟೆ. ತೊಂದರೆ ಶುರುವಾದದ್ದು ಅಲ್ಲಿಂದ. ಇನ್‌ಸ್ಟಾಲರ್‌ಗೆ ಡಿಸ್ಕ್ ಕಾಣಲೇ ಇಲ್ಲ. ಎಸ್ಎಸ್‌ಡಿಯೇ ನಕಲಿ ಎಂದರು ಗೆಳೆಯರೊಬ್ಬರು. ಕಾರಣ ಬಯೋಸ್‌ನಲ್ಲಿತ್ತು: ಸಾಟಾ ಆಪರೇಷನ್ ಎನ್ನುವ ಕಡೆ 'ರೇಡ್ ಆನ್' ಎಂದಿದ್ದರೆ ಎನ್‌ವಿಎಂಇ ಡಿಸ್ಕ್ ಇಂಟೆಲ್ ನಿಯಂತ್ರಕದ ಹಿಂದೆ ಮರೆಯಾಗುತ್ತದೆ. ಅಲ್ಲೇ ಇರುವ ಎಎಚ್‌ಸಿಐ ಎಂಬ ಇನ್ನೊಂದು ಆಯ್ಕೆಗೆ ಬದಲಾಯಿಸಿದ ಕೂಡಲೇ ಕಾಣಿಸಿತು. ಹಳೆಯ ವಿಂಡೋಸ್ ಉಳಿಸಿಕೊಳ್ಳುವವರು ಮೊದಲು ಅದನ್ನು ಸೇಫ್ ಮೋಡ್‌ಗೆ ಹಾಕಿಯೇ ಇದನ್ನು ಬದಲಾಯಿಸಿ, ಇಲ್ಲವಾದರೆ ಅದು ಬೂಟ್ ಆಗದೆ ನೀಲಿ ಪರದೆಗೆ ಬಂದು ನಿಲ್ಲುತ್ತದೆ.

ಆಮೇಲೆ ಮಿಂಟ್ ಹಾಕುವಾಗ ಫೈಲ್‌ಗಳು ಅರ್ಧ ನಕಲಾಗಿ ದೋಷ ಬರತೊಡಗಿತು. ರ‍್ಯಾಮ್ ಮೇಲೆ ಅನುಮಾನಪಟ್ಟು ರಾತ್ರಿಯಿಡೀ ಅದನ್ನು ಪರೀಕ್ಷಿಸುವ ಮೆಮ್‌ಟೆಸ್ಟ್ ಬಿಟ್ಟೆ. ಒಂದೂ ತಪ್ಪು ಬರಲಿಲ್ಲ. ಪೆನ್‌ಡ್ರೈವ್‌ನಲ್ಲಿದ್ದ ಐಎಸ್ಒದ (ಮಿಂಟ್ ಇನ್‌ಸ್ಟಾಲ್ ಮಾಡುವ ಕಡತ) ಎಸ್ಎಚ್ಎ256, ಅಂದರೆ ಕಡತ ಕೆಟ್ಟಿಲ್ಲವೆಂದು ತಿಳಿಸುವ ಸಂಕೇತ, ತಾಳೆ ನೋಡಿದರೆ ಹೊಂದಲಿಲ್ಲ. ಒಂದೇ ಪೆನ್‌ಡ್ರೈವ್‌ನಿಂದ ಹಲವು ಐಎಸ್ಒ ಬೂಟ್ ಮಾಡಿಸುವ ವೆಂಟಾಯ್ ಹಾಕಿ ನಾಲ್ಕಾರು ಐಎಸ್ಒ ತುಂಬಿದ್ದ, 64 ಜಿಬಿ ಎಂದು ಬರೆದಿದ್ದ ಆ ಪೆನ್‌ಡ್ರೈವ್‌ಗೆ ನಿಜವಾದ ಸಾಮರ್ಥ್ಯ ಅಳೆಯುವ ಎಫ್3 ತಂತ್ರಾಂಶ ಹಚ್ಚಿದಾಗ ಒಳಗೆ ಇದ್ದದ್ದು 8 ಜಿಬಿ ಆಸುಪಾಸು. ಇನ್ನೂರೈವತ್ತು ರೂಪಾಯಿ ಹೋಯಿತು ಅನ್ನುವುದಕ್ಕಿಂತ ಆ ರಾತ್ರಿ ಹೋದದ್ದಕ್ಕೆ ಸಿಟ್ಟು ಬಂತು. ಒಳ್ಳೆಯ ಪೆನ್‌ಡ್ರೈವ್‌ನಿಂದ ಇಪ್ಪತ್ತು ನಿಮಿಷದೊಳಗೆ ಮಿಂಟ್ 22 ಕೂತಿತು, ಬಯೋಸ್‌ನ ಸೆಕ್ಯೂರ್ ಬೂಟ್ ಎಂಬ ಭದ್ರತಾ ತಪಾಸಣೆಯನ್ನು ತೆಗೆಯದೆಯೇ.

ಈಗ ಕನ್ನಡ. ಟೈಪ್ ಮಾಡಲು ಐಬಸ್ ಎಂ17ಎನ್ ಎಂಬ ಟೈಪಿಂಗ್ ಸಾಧನ ಹಾಕಿ, ನುಡಿಯಲ್ಲಿರುವ ಕಗಪ ಕೀಲಿಮಣೆ ವಿನ್ಯಾಸ ಆರಿಸಿದೆ. ನುಡಿಯಲ್ಲಿ ಪಳಗಿದ ಬೆರಳಿಗೆ ಹೊಸದಾಗಿ ಕಲಿಯುವುದು ಹೆಚ್ಚೇನೂ ಇಲ್ಲ. ಹಳೆಯ ಆಸ್ಕಿ (ಯೂನಿಕೋಡ್‌ಗೆ ಮುಂಚಿನ, ನುಡಿ ಫಾಂಟ್ ಇದ್ದರಷ್ಟೇ ಓದಲಾಗುವ) ಕಡತಗಳಿಗೆ ನುಡಿ ಫಾಂಟ್‌ಗಳನ್ನು ಫಾಂಟ್ ಫೋಲ್ಡರ್‌ಗೆ ನಕಲಿಸಿದೆ, ಲಿಬ್ರೆಆಫೀಸ್‌ನಲ್ಲಿ ತೆರೆದುಕೊಂಡವು. ತಿದ್ದಬೇಕಾದವನ್ನು ಮಾತ್ರ ಯೂನಿಕೋಡ್‌ಗೆ ಪರಿವರ್ತಿಸುತ್ತೇನೆ. ಇಲ್ಲಿ ಕಣ್ಣಿಡಬೇಕಾದದ್ದು ಅರ್ಕಾವತ್ತಿನ ಮೇಲೆ. 'ವರ್ಷ' ಎಂಬಲ್ಲಿ ಆಸ್ಕಿಯಲ್ಲಿ ಅರ್ಕಾವತ್ತು 'ಷ'ದ ನಂತರ ಇರುತ್ತದೆ, ಯೂನಿಕೋಡ್‌ನಲ್ಲಿ 'ರ್' ಮೊದಲು ಬರಬೇಕು. ಕೆಲವು ಪರಿವರ್ತಕಗಳು ಇದನ್ನು ಅದಲುಬದಲು ಮಾಡದೆ ಬಿಡುತ್ತವೆ. ಲಗ್ನಪತ್ರಿಕೆಯಲ್ಲಿ ವಧುವಿನ ತಂದೆಯ ಹೆಸರು ಕೆಟ್ಟರೆ ಗಿರಾಕಿಗೆ ಏನು ಹೇಳುವುದು? ಹಾಗಾಗಿ ಹೆಸರು, ಮುಹೂರ್ತ, ಸ್ಥಳ ಮೂರನ್ನೂ ಮೂಲದ ಪಕ್ಕ ಇಟ್ಟುಕೊಂಡು ಓದುತ್ತೇನೆ.

ಪ್ರಿಂಟರ್ ವಿಷಯ ಹೇಳಿದರೆ ನನ್ನ ಹೊಟ್ಟೆಪಾಡಿಗೆ ಪೆಟ್ಟು. ಜೆರಾಕ್ಸ್ ಅಂಗಡಿಗಳಲ್ಲೆಲ್ಲ ಕಾಣುವ ಆ ಹಳೆಯ ಲೇಸರ್ ಪ್ರಿಂಟರ್ ನನ್ನಲ್ಲಿ ಮಿಂಟ್‌ನಿಂದ ಓಡುತ್ತಿದೆ ಎಂದಷ್ಟು ಹೇಳುತ್ತೇನೆ. ಈ ತಾಲೂಕಿನಲ್ಲಿ ಬೇರೆ ಯಾರೂ ಇದನ್ನು ಓಡಿಸಿದ್ದು ನನಗೆ ಗೊತ್ತಿಲ್ಲ.

ನಡುವೆ ಭಾವಮೈದುನನ ಇದೇ ವಯಸ್ಸಿನ ಲ್ಯಾಪ್‌ಟಾಪ್‌ಗೆ ರೂಫಸ್ ತಂತ್ರಾಂಶದಿಂದ ಯಂತ್ರದ ಅರ್ಹತೆಯ ತಪಾಸಣೆ ತಪ್ಪಿಸಿ ವಿಂಡೋಸ್ 11 ಹಾಕಿ ನೋಡಿದೆವು. ಓಡುತ್ತದೆ, ಆದರೆ ಮುಂದಿನ ದೊಡ್ಡ ಅಪ್‌ಡೇಟ್ ತಾನಾಗಿ ಬರುತ್ತದೆಂಬ ಭರವಸೆ ಇಲ್ಲ. ಅಂಗಡಿಯ ಯಂತ್ರಕ್ಕೆ ನಾನು ಅದನ್ನು ಒಪ್ಪುವುದಿಲ್ಲ. ಇನ್ನೊಂದು 4 ಜಿಬಿ ಮುದುಕ ಯಂತ್ರಕ್ಕೆ ಡೆಬಿಯನ್ ಎಂಬ ಇನ್ನೊಂದು ಲಿನಕ್ಸ್ ಮತ್ತು ಎಕ್ಸ್ಎಫ್‌ಸಿಇ ಎಂಬ ಹಗುರ ಡೆಸ್ಕ್‌ಟಾಪ್ ಹಾಕಿ, ರ‍್ಯಾಮ್‌ನಲ್ಲೇ ಡೇಟಾ ಅಡಕಿಸಿಡುವ ಝಡ್‌ರ‍್ಯಾಮ್ ಹಚ್ಚಿದೆ. ಅರ್ಜಿ ತುಂಬುವ ಕೆಲಸಕ್ಕೆ ಸಾಕು, ಬ್ರೌಸರ್‌ನಲ್ಲಿ ಏಳೆಂಟು ಟ್ಯಾಬ್ ತೆರೆದರೆ ಮಾತ್ರ ತಿಣುಕುತ್ತದೆ.

ಲ್ಯಾಪ್‌ಟಾಪ್, ಎಸ್ಎಸ್‌ಡಿ, ಪೆನ್‌ಡ್ರೈವ್, ಬಸ್ ಚಾರ್ಜು ಎಲ್ಲ ಸೇರಿ ಹದಿನೇಳೂವರೆ ಸಾವಿರ ದಾಟಲಿಲ್ಲ. ಬ್ಯಾಟರಿ ಒಂದು ಬಾಕಿ: ಲಿನಕ್ಸ್‌ನಲ್ಲಿ ಬ್ಯಾಟರಿ ಸ್ಥಿತಿ ತೋರಿಸುವ ಯುಪವರ್ ಪ್ರಕಾರ ಮೂಲ ಸಾಮರ್ಥ್ಯದ ಅರ್ಧಕ್ಕಿಂತ ತುಸು ಹೆಚ್ಚು ಉಳಿದಿದೆ. ಎರಡು ಸಾವಿರದ ನಕಲಿ ಬ್ಯಾಟರಿ ಹಿಂದಿನ ಲ್ಯಾಪ್‌ಟಾಪ್‌ನಲ್ಲಿ ಆರು ತಿಂಗಳೂ ಬಾಳಲಿಲ್ಲ. ಅಸಲಿ ಸಿಗುವವರೆಗೆ ಅಂಗಡಿಯ ಯುಪಿಎಸ್ ಮೇಲೆಯೇ ನಡೆಸುತ್ತೇನೆ.